ಬೂದಿ, ತೆಂಗಿನೆಣ್ಣೆ ಮತ್ತು ನನ್ನ ಒಂದು ಬಾಟಲಿ

ಎಣ್ಣೆ ಮತ್ತು ನೀರನ್ನು ಒಂದೇ ಬಾಟಲಿಯಲ್ಲಿ ಜಗಳವಿಲ್ಲದೆ ಕೂರಿಸುವುದು ನನ್ನ ಸಂಶೋಧನೆ. ಅದು ಕಷ್ಟದ ಕೆಲಸ ಎಂದು ಪುಸ್ತಕಗಳಲ್ಲಿ ಬರೆದಿದ್ದಾರೆ. ಅದನ್ನು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಉಪಕಾರಿ ಜನರ ನಡುವೆ ಮಾಡುವುದು ಇನ್ನೂ ಎಷ್ಟು ಕಷ್ಟ ಎಂದು ಮಾತ್ರ ಯಾರೂ ಬರೆದಿಲ್ಲ. ಹಾಗಾಗಿ ನನಗೆ ಒಂದಲ್ಲ ಒಂದು ಪ್ರಸಂಗ ಆಗುತ್ತಲೇ ಇರುತ್ತದೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೂಡುಬಿದಿರೆ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಯಲ್ಲಿ ಪಿಎಚ್.ಡಿ. ಕೆಲಸವೂ ಇತ್ತು. ಎಣ್ಣೆಯನ್ನು ನೀರಿನಲ್ಲಿ ಬೆರೆಸಬೇಕಾದರೆ ಎಲ್ಲರೂ ಸೋಪು ಹಾಕುತ್ತಾರೆ. ಅದನ್ನು ಹುಳದ ಮದ್ದಾಗಿ ಗಿಡಕ್ಕೆ ಸಿಂಪಡಿಸುವಾಗ ಸೋಪು ಹೆಚ್ಚಾದರೆ ಎಲೆ ಸುಡುತ್ತದೆ. ನಾನು ಸೋಪಿನ ಬದಲು ಅಕ್ಕಿ ಮಿಲ್ಲಿನ ಬೂದಿಯಿಂದ ತೆಗೆದ ಸಿಲಿಕಾದ ನ್ಯಾನೊ ಕಣಗಳನ್ನು ಹಾಕುತ್ತೇನೆ. ಹಿಟ್ಟಿನ ಉಂಡೆಗಳನ್ನು ಒಣ ಹಿಟ್ಟಿನಲ್ಲಿ ಹೊರಳಿಸಿಟ್ಟರೆ ಒಂದಕ್ಕೊಂದು ಅಂಟುವುದಿಲ್ಲವಲ್ಲ, ಇದೂ ಹಾಗೆಯೇ. ಎಣ್ಣೆಯ ಪ್ರತಿಯೊಂದು ಹನಿಯ ಸುತ್ತ ಈ ಕಣಗಳು ಕವಚದಂತೆ ಕೂರುತ್ತವೆ. ಹನಿ ಹನಿ ಸೇರುವುದಿಲ್ಲ, ಎಣ್ಣೆ ಮೇಲೆ ಬರುವುದಿಲ್ಲ, ಬಾಟಲಿ ಹಾಲಿನಂತೆ ಬೆಳ್ಳಗೆ ಉಳಿಯುತ್ತದೆ.

ಉಳಿಯಬೇಕು. ನನ್ನ ಪಿಎಚ್.ಡಿ. ನಿಂತದ್ದು ಅದರ ಮೇಲೆಯೇ. ಬಾಟಲಿಯ ಮೇಲ್ಭಾಗದಲ್ಲಿ ಎಣ್ಣೆಯ ಒಂದು ಗೆರೆ ಕಂಡರೂ ನನ್ನ ಕಥೆ ಮುಗಿಯಿತು. ಅವಧಿ ವಿಸ್ತರಣೆ ಕೇಳಿ ಕೇಳಿ ವಿಶ್ವವಿದ್ಯಾನಿಲಯದವರಿಗೂ ನನಗೂ ನಾಚಿಕೆಯಾಗಿತ್ತು. ಪಿಎಚ್.ಡಿ. ಆಗದಿದ್ದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ನಮ್ಮ ಪ್ರಾಂಶುಪಾಲರು ನಗುತ್ತಲೇ ಹೇಳಿದ್ದರು. ಅವರು ನಗುತ್ತಾ ಹೇಳಿದ್ದು ಯಾವುದೂ ಸುಳ್ಳಾದದ್ದಿಲ್ಲ.

ಎಣ್ಣೆಯಲ್ಲಿ ಇರುವ ಹುಡುಗಿ

ಬಂಟ್ವಾಳದ ಒಂದು ಸಭಾಭವನದಲ್ಲಿ ಮದುವೆ. ನನ್ನ ದೊಡ್ಡಮ್ಮನಿಗೆ ನನ್ನ ಸಂಶೋಧನೆಯನ್ನು ಎಷ್ಟು ಸಲ ವಿವರಿಸಿದರೂ ಅವರ ನೆನಪಿನಲ್ಲಿ ಉಳಿದದ್ದು ಒಂದೇ ಪದ. ಪಕ್ಕದ ಕುರ್ಚಿಯಲ್ಲಿ ಮೈತುಂಬ ಬಂಗಾರ ಹಾಕಿ ಕೂತಿದ್ದ ಹೆಂಗಸಿಗೆ ಅವರು ನನ್ನನ್ನು ಪರಿಚಯಿಸಿದ್ದು ಹೀಗೆ:

"ಇವಳು ನಮ್ಮ ತಂಗಿಯ ಮಗಳು. ಎಣ್ಣೆಯಲ್ಲಿ ಇರುವುದು."

ಆ ಹೆಂಗಸಿನ ಮುಖ ಅರಳಿತು. "ಹೌದಾ? ನಮ್ಮ ಮಗನೂ ಎಣ್ಣೆ ಕಂಪೆನಿಯಲ್ಲೇ. ಕುವೈತ್. ನೀನು ಯಾವ ಕಡೆ ಮಗಾ?"

"ಮೂಡುಬಿದಿರೆ."

"ಮೂಡುಬಿದಿರೆಯಲ್ಲಿ ಎಣ್ಣೆ ಸಿಕ್ಕಿತಾ? ಯಾವಾಗ? ಪೇಪರಿನಲ್ಲಿ ಬರಲಿಲ್ಲವಲ್ಲ!"

ಹಿಂದಿನ ಸಾಲಿನವರೂ ಕತ್ತು ಮುಂದೆ ಮಾಡಿದರು. ಅಲ್ಲಿ ಯಾರಿಗೋ ಮೂಡುಬಿದಿರೆಯಲ್ಲಿ ಜಾಗ ಇತ್ತೆಂದು ಕಾಣುತ್ತದೆ. ನಾನು ಗಡಿಬಿಡಿಯಲ್ಲಿ, "ಅಯ್ಯೋ, ಎಣ್ಣೆ ತೆಗೆಯುವುದಲ್ಲ ಅಮ್ಮಾ. ತೆಂಗಿನೆಣ್ಣೆಗೆ ನೀರು ಬೆರೆಸುವುದು. ಬೆರೆಸಿದ್ದು ಯಾರಿಗೂ ಗೊತ್ತಾಗದ ಹಾಗೆ ಒಟ್ಟಿಗೆ ನಿಲ್ಲಬೇಕು. ಅದಕ್ಕೆ ಬೂದಿ ಹಾಕ್ತೇನೆ" ಎಂದೆ.

ಆಕೆ ಸುತ್ತ ನೋಡಿ, ನನ್ನ ಕೈ ಹಿಡಿದು, ದನಿ ತಗ್ಗಿಸಿದರು.

"ಅದು ಎಲ್ಲ ಕಡೆ ನಡೀತದೆ ಮಗಾ. ಆದರೆ ಹಾಗೆ ಮದುವೆಮನೆಯಲ್ಲಿ ಬಾಯಿಬಿಟ್ಟು ಹೇಳಬಾರದು."

ಬೂದಿಯೇ ಆಗದ ಮಿಲ್ಲು

ಕುಚ್ಚಿಲಕ್ಕಿ ಮಿಲ್ಲುಗಳಲ್ಲಿ ಭತ್ತ ಬೇಯಿಸಲು ಉಮಿಯನ್ನೇ ಸುಡುತ್ತಾರೆ. ಹಿತ್ತಿಲಲ್ಲಿ ಬೂದಿ ಗುಡ್ಡೆಯಾಗಿ ಬಿದ್ದಿರುತ್ತದೆ. ಆ ಬೂದಿಯಲ್ಲಿ ನನಗೆ ಬೇಕಾದ ಸಿಲಿಕಾ ಧಾರಾಳವಾಗಿ ಉಂಟು. ಮಾದರಿಗೆ ಬೇರೇನೂ ಸೇರಬಾರದು, ಸ್ವಚ್ಛವಾಗಿ ತೆಗೆದುಕೊಂಡು ಬಾ ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ಅವರ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಬಿಳಿ ಕೋಟು, ಕೈಗೆ ಗವಸು, ಮುಖಕ್ಕೆ ಮಾಸ್ಕು, ಕೈಯಲ್ಲಿ ಪ್ಲಾಸ್ಟಿಕ್ ಪೊಟ್ಟಣಗಳು. ಸಹೋದ್ಯೋಗಿಯ ಬಿಳಿ ಕಾರಿನಲ್ಲಿ ಬಂಟ್ವಾಳದ ಕಡೆಯ ಒಂದು ಮಿಲ್ಲಿನ ಅಂಗಳದಲ್ಲಿ ಇಳಿದೆ.

ಧಣಿಗಳು ಓಡಿ ಬಂದರು. ಕುರ್ಚಿ ಬಂತು, ಎಳನೀರಿನ ಬೊಂಡ ಬಂತು, ಬಿಸ್ಕತ್ತು ಬಂತು. ಇಷ್ಟು ಮರ್ಯಾದೆ ನನಗೆ ನಮ್ಮ ಕಾಲೇಜಿನಲ್ಲಿಯೂ ಸಿಕ್ಕಿಲ್ಲ.

"ನನಗೆ ನಿಮ್ಮ ಬೂದಿ ಬೇಕಿತ್ತು" ಎಂದೆ.

"ಬೂದಿಯಾ? ನಮ್ಮಲ್ಲಿ ಬೂದಿ ಆಗುವುದೇ ಇಲ್ಲ ಮೇಡಂ."

"ಉಮಿ ಸುಡ್ತೀರಲ್ಲ?"

"ಸುಡ್ತೇವೆ. ಪೂರ್ತಿ ಸುಡ್ತದೆ. ಏನೂ ಉಳಿಯುವುದಿಲ್ಲ."

ನಾನು ಇಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದವಳು. ಏನೂ ಉಳಿಯದ ಹಾಗೆ ಉರಿಯುವ ಉಮಿಯ ಬಗ್ಗೆ ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಇಬ್ಬರು ಆಳುಗಳು ಕಪ್ಪು ಗುಡ್ಡೆಯೊಂದರ ಮೇಲೆ ನೀಲಿ ಟಾರ್ಪಾಲು ಎಳೆಯುತ್ತಿದ್ದರು. ಟಾರ್ಪಾಲು ಸಣ್ಣದು, ಗುಡ್ಡೆ ದೊಡ್ಡದು. ಒಂದು ಬದಿ ಮುಚ್ಚಿದರೆ ಇನ್ನೊಂದು ಬದಿ ಹೊರಗೆ ಬರುತ್ತಿತ್ತು. ನಾನು ಅದನ್ನು ನೋಡದ ಹಾಗೆ ಬೊಂಡ ಕುಡಿದು ಬರಿಗೈಯಲ್ಲಿ ವಾಪಸು ಬಂದೆ.

ಮರುದಿನ ಹಳೆಯ ಚೂಡಿದಾರ ಹಾಕಿ, ಗೋಣಿಚೀಲ ಹಿಡಿದು, ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕೂತು ಅದೇ ಮಿಲ್ಲಿಗೆ ಹೋದೆ. ಕುರ್ಚಿಯೂ ಇಲ್ಲ, ಬೊಂಡವೂ ಇಲ್ಲ. ಬೂದಿ ಬೇಕು ಎಂದ ಕೂಡಲೇ ಧಣಿಗಳು ಖುಷಿಯಲ್ಲಿ ಗುಡ್ಡೆ ತೋರಿಸಿದರು.

"ತೆಗೊಂಡು ಹೋಗಿ ತಂಗಿ, ಎಷ್ಟು ಬೇಕಾದರೂ ತೆಗೊಂಡು ಹೋಗಿ. ನಿನ್ನೆ ಪರಿಸರ ಇಲಾಖೆಯವಳು ಒಬ್ಬಳು ಬಂದಿದ್ದಳು. ಮುಖ ಪೂರ್ತಿ ಮಾಸ್ಕು."

"ಹೌದಾ? ಜೋರು ಮಾಡಿದರಾ?" ಎಂದು ಕೇಳಿದೆ.

"ಜೋರು ಎಂತ ಮಾಡಲಿಲ್ಲ. ಆದರೆ ಮುಖ ನೋಡಿದರೇ ಗೊತ್ತಾಗ್ತದೆ, ಒಳ್ಳೆಯ ಹೆಂಗಸಲ್ಲ."

ಬಾಟಲಿಗಳ ಆರೈಕೆ

ಬೂದಿ ತೊಳೆದು, ಕರಗಿಸಿ, ಸೋಸಿ, ಕೊನೆಗೂ ಬಿಳಿಯ ಪುಡಿ ಬಂತು. ತೆಂಗಿನೆಣ್ಣೆ, ನೀರು, ಪುಡಿ ಹಾಕಿ ಬಾಟಲಿಗಳನ್ನು ಪ್ರಯೋಗಾಲಯದ ಕಪಾಟಿನಲ್ಲಿ ಸಾಲಾಗಿ ಇಟ್ಟೆ. ಹೋಲಿಕೆಗೆಂದು ಕೊನೆಯ ಒಂದು ಬಾಟಲಿಯಲ್ಲಿ ಪುಡಿ ಹಾಕದೆ ಬರೀ ಎಣ್ಣೆ ಮತ್ತು ನೀರು ಮಾತ್ರ ಇಟ್ಟಿದ್ದೆ. ಅದು ಬೇರೆಯಾಗಲೇಬೇಕು. ಅದಕ್ಕೆ ಬೇರೆ ದಾರಿಯೇ ಇಲ್ಲ.

ಬೆಳಿಗ್ಗೆ ನಾನೂ ಮಾರ್ಗದರ್ಶಕರೂ ಹೋಗಿ ನೋಡಿದರೆ ಎಲ್ಲ ಬಾಟಲಿಗಳೂ ಹಾಲು. ಕೊನೆಯದ್ದೂ ಹಾಲು. ಮರುದಿನವೂ ಹಾಲು. ಅದರ ಮರುದಿನವೂ ಅದೇ.

ಮಾರ್ಗದರ್ಶಕರು ಗಡ್ಡ ಕೆರೆದುಕೊಂಡರು. "ಇದು ನಿಮ್ಮ ಬಾವಿಯ ನೀರಿನ ಗುಣ ಇರಬಹುದು" ಎಂದರು. ಬಾವಿ ನೀರನ್ನು ಪರೀಕ್ಷೆಗೆ ಕಳುಹಿಸಿದೆವು. ನೀರಿನಲ್ಲಿ ವಿಶೇಷ ಏನೂ ಇಲ್ಲವೆಂದು ಬಂತು. ಹಾಗಾದರೆ ಗಾಜಿನ ದೋಷ ಎಂದರು. ಹೊಸ ಬಾಟಲಿ ತಂದೆವು. ಅದರಲ್ಲಿಯೂ ಹಾಲು. ಕೊನೆಗೆ ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. "ಏನೂ ಹಾಕದೆಯೇ ಎಣ್ಣೆ ನೀರು ಕೂಡುವುದಾದರೆ ನಿಮ್ಮ ಬೂದಿಯೂ ಬೇಡ, ಪ್ರಬಂಧವೂ ಬೇಡ, ನಾನೂ ಬೇಡ" ಎಂದರು.

ಒಂದು ದಿನ ನಾನು ಬೇಗ ಹೋದೆ. ನಮ್ಮ ಅಟೆಂಡರ್ ಅಕ್ಕ ಎರಡು ಕೈಯಲ್ಲಿ ಎರಡು ಬಾಟಲಿ ಹಿಡಿದು, ಕಣ್ಣು ಮುಚ್ಚಿ, ಗಡಗಡ ಕುಲುಕುತ್ತಿದ್ದರು. ಕುಲುಕಿ ಆದದ್ದನ್ನು ಸೆರಗಿನಲ್ಲಿ ಒರೆಸಿ ಸ್ವಸ್ಥಾನಕ್ಕೆ ಇಡುತ್ತಿದ್ದರು.

"ಅಕ್ಕಾ, ಎಂತ ಮಾಡುವುದು ನೀವು?"

"ಮೇಲೆ ಎಣ್ಣೆ ಬಂದಿರ್ತದೆ ಮೇಡಂ. ನೀವು ಬಂದು ನೋಡಿ ಬೇಜಾರು ಮಾಡ್ತೀರಲ್ಲ? ಅದಕ್ಕೆ ನಾನು ಮೊದಲೇ ಸಮ ಮಾಡಿ ಇಡುವುದು."

ನಾನು ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರಿಗೆ ಅದು ಕೃತಜ್ಞತೆಯಂತೆ ಕಂಡಿರಬೇಕು.

"ಸರ್ ಬರುವ ದಿನ ಎರಡೆರಡು ಸಲ ಕುಲುಕ್ತೇನೆ" ಎಂದರು.

ಅಷ್ಟೂ ಬಾಟಲಿಗಳನ್ನು ಚೆಲ್ಲಿ ಮೊದಲಿನಿಂದ ಶುರುಮಾಡಿದೆ. ಹೊಸದಾಗಿ ಮಾಡಿದ್ದರಲ್ಲಿ ಅತ್ಯಂತ ಚೆನ್ನಾಗಿ ಬಂದ ಒಂದು ಬಾಟಲಿಯನ್ನು ನನ್ನ ಸ್ವಂತ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಕೈ ನನ್ನ ಕೊರಳಿನಲ್ಲಿ. ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಆ ಒಂದೇ ಬಾಟಲಿಯ ವರ್ಣನೆ.

ಧೈರ್ಯಕ್ಕೆ ಸ್ವಲ್ಪ

ತೆಂಗಿನೆಣ್ಣೆಯಲ್ಲಿ ಆದದ್ದು ಬೇವಿನೆಣ್ಣೆಯಲ್ಲಿಯೂ ಆಗಬೇಕು, ಆಗ ಹುಳದ ಮದ್ದಾಗಿ ಗಿಡಕ್ಕೆ ಬಿಡಲು ಬರುತ್ತದೆ. ಅದೂ ಆಯಿತು. ವಾಮದಪದವಿನಲ್ಲಿ ಗೊಬ್ಬರ, ಮದ್ದು ಮಾರುವ ಒಂದು ಅಂಗಡಿ ಉಂಟು. ಅಂಗಡಿಯ ಬ್ಯಾರಿ ಕಾಕನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅವರಿಗೊಂದು ಮಾದರಿ ಕೊಟ್ಟು ಅಭಿಪ್ರಾಯ ಕೇಳುವ ಎಂದು ಹೋದೆ.

ಕಾಕ ಬಾಟಲಿಯನ್ನು ಬೆಳಕಿಗೆ ಹಿಡಿದರು. "ಸೋಪು ಇಲ್ಲವಾ ಟೀಚರೇ?"

"ಇಲ್ಲ ಕಾಕ. ಸೋಪಿನ ಬದಲು ಪುಡಿ ಉಂಟು."

"ಎಲ್ಲಿ? ಕಾಣುವುದಿಲ್ಲವಲ್ಲ."

"ಅದು ಕಣ್ಣಿಗೆ ಕಾಣುವುದಿಲ್ಲ. ಅಷ್ಟು ಸಣ್ಣದು."

"ಕನ್ನಡಕ ಹಾಕಿದರೆ?"

"ಕನ್ನಡಕ ಹಾಕಿದರೂ ಇಲ್ಲ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿಯೂ ಇಲ್ಲ. ಬೇರೆ ಊರಿಗೆ ಕಳುಹಿಸಿ ಫೋಟೊ ತೆಗೆಸಬೇಕು."

ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಬೂದು ಬಣ್ಣದ ಗುಂಡು ಗುಂಡು ಚುಕ್ಕೆಗಳು. ಕಾಕ ತುಂಬ ಹೊತ್ತು ನೋಡಿ, "ಇದು ನನ್ನ ಹೆಂಡತಿಯ ಸ್ಕ್ಯಾನಿಂಗಿನ ಹಾಗೆಯೇ ಉಂಟು" ಎಂದು ಫೋನು ವಾಪಸು ಕೊಟ್ಟರು. ಆಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿ ತಮ್ಮ ಕಷ್ಟ ಹೇಳಿದರು.

"ನೋಡಿ ಟೀಚರೇ, ನೀವು ಸುಳ್ಳು ಹೇಳುವವರಲ್ಲ, ನನಗೆ ಗೊತ್ತುಂಟು. ಆದರೆ ಗಿರಾಕಿ ಕೇಳ್ತಾನೆ, ಇದರಲ್ಲಿ ಎಂತ ಉಂಟು ಅಂತ. ಪುಡಿ ಉಂಟು ಅಂತ ನಾನು ಹೇಳ್ತೇನೆ. ತೋರಿಸು ಅಂತಾನೆ. ಕಾಣುವುದಿಲ್ಲ ಅಂತೇನೆ. ಅವನು ಕೊಡುವ ದುಡ್ಡೂ ಕಾಣದ ಹಾಗೆ ಕೊಟ್ಟರೆ ನಾನು ಎಂತ ಮಾಡುವುದು?"

"ಮತ್ತೆ ಹೇಗೆ ಕಾಕ?"

"ಕಾಣದ್ದು ಇರಲಿ, ಅದು ಕೆಲಸಕ್ಕೆ. ಕಾಣುವಂಥದ್ದೂ ಸ್ವಲ್ಪ ಹಾಕಿ, ಧೈರ್ಯಕ್ಕೆ."

ಕೆಂಪು ದಾರ

ಬೆಳ್ತಂಗಡಿ ತಾಲೂಕಿನ ವೇಣೂರಿನ ಕಡೆ ಮಲ್ಲಿಗೆ ಬೆಳೆಸುವ ಒಬ್ಬರು ಅಕ್ಕ ಇದ್ದಾರೆ. ಮೊಗ್ಗಿಗೆ ಹುಳದ ಕಾಟ. ನನ್ನ ಬೇವಿನೆಣ್ಣೆಯನ್ನು ಅವರ ಗಿಡಗಳಲ್ಲಿ ಪರೀಕ್ಷೆ ಮಾಡಲು ಒಪ್ಪಿದರು. ಕಾಫಿ ಕುಡಿಯುತ್ತಾ ಕೂತು ಎಲ್ಲ ವಿವರಿಸಿದೆ. ಅರ್ಧ ಗಿಡಗಳಿಗೆ ಮದ್ದು ಬಿಡಬೇಕು, ಇನ್ನರ್ಧಕ್ಕೆ ಬಿಡಬಾರದು. ಆಗಲೇ ವ್ಯತ್ಯಾಸ ಗೊತ್ತಾಗುವುದು. ಗುರುತಿಗೆಂದು ನಾನೇ ಒಂದು ಸಾಲಿನ ಗಿಡಗಳಿಗೆ ಕೆಂಪು ದಾರ ಕಟ್ಟಿದೆ.

"ದಾರ ಕಟ್ಟಿದ ಗಿಡಕ್ಕೆ ಮಾತ್ರ ಬಿಡಬೇಕು ಅಕ್ಕ. ದಾರ ಇಲ್ಲದ್ದನ್ನು ಮುಟ್ಟಬೇಡಿ, ಆಯ್ತಾ?"

"ಆಯ್ತು ಮೇಡಂ. ದಾರ ಇದ್ದದ್ದಕ್ಕೆ ಮಾತ್ರ."

ಕೆಲವು ವಾರ ಬಿಟ್ಟು ಹೋದೆ. ಗಿಡಗಳ ತುಂಬ ಮೊಗ್ಗು. ಒಂದು ಹುಳ ಇಲ್ಲ. ಖುಷಿಯಲ್ಲಿ ದಾರ ಇರುವ ಸಾಲನ್ನು ಒಮ್ಮೆ ಎಣಿಸಿದೆ, ಇಲ್ಲದ ಸಾಲನ್ನು ಎಣಿಸಲು ತಿರುಗಿದೆ. ದಾರ ಇಲ್ಲದ ಸಾಲೇ ಇರಲಿಲ್ಲ. ತೋಟದ ಪ್ರತಿಯೊಂದು ಮಲ್ಲಿಗೆ ಗಿಡವೂ ಕೊರಳಲ್ಲಿ ಕೆಂಪು ದಾರ ಕಟ್ಟಿಕೊಂಡು ನಿಂತಿತ್ತು. ಬೇಲಿಯ ಬದಿಯ ದಾಸವಾಳಕ್ಕೂ ಒಂದು.

"ಅಕ್ಕಾ, ಇದೆಂತ?"

"ಇದಕ್ಕೆ ಮದ್ದು ಕೊಟ್ಟು ಅದಕ್ಕೆ ಕೊಡದೆ ಇರ್ಲಿಕ್ಕೆ ಮನಸ್ಸು ಬರ್ಲಿಲ್ಲ ಮೇಡಂ. ಬೆಳಿಗ್ಗೆ ಎದ್ದು ಅದರ ಮುಖ ನೋಡಬೇಕಾದವಳು ನಾನಲ್ಲವಾ? ಅದು ಎಂತ ತಪ್ಪು ಮಾಡಿದೆ?"

"ಆದರೆ ನಾನು ಹೇಳಿದ್ದೆನಲ್ಲ ಅಕ್ಕ..."

"ನೀವು ಹೇಳಿದ್ದನ್ನು ನಾನು ಮೀರ್ಲಿಲ್ಲ ಮೇಡಂ. ಮೊದಲು ದಾರ ಕಟ್ಟಿಯೇ ಆಮೇಲೆ ಮದ್ದು ಬಿಟ್ಟದ್ದು."

ಮಲ್ಲಿಗೆಯ ಅಧ್ಯಾಯ ಅಲ್ಲಿಗೆ ಮುಗಿಯಿತು. ಬರುವಾಗ ಅಕ್ಕ ಒಂದು ಅಟ್ಟಿ, ಅಂದರೆ ನಾಲ್ಕು ಚೆಂಡು, ಹೂ ಮುಡಿಸಿ ಕಳುಹಿಸಿದರು.

ಹೊರಗಿನ ಪರೀಕ್ಷಕರು

ಇನ್ನು ಇದೊಂದು. ಇದನ್ನು ನೆನೆದರೆ ಈಗಲೂ ಮೊದಲು ಹೆದರಿಕೆ, ಆಮೇಲೆ ನಗು ಬರುತ್ತದೆ.

ಪ್ರಬಂಧ ಒಪ್ಪಿಸಿ ಆಯಿತು. ಹೊರರಾಜ್ಯದ ಒಬ್ಬರು ಹಿರಿಯ ಪ್ರೊಫೆಸರರು ಪರೀಕ್ಷಕರು. ಮೂಲತಃ ಕನ್ನಡದವರೇ, ಆದರೆ ಮಾತು ಕಡಿಮೆ, ಸಂಶಯ ಹೆಚ್ಚು. ತಮ್ಮ ವರದಿಯಲ್ಲಿ ಒಂದೇ ಷರತ್ತು ಹಾಕಿದ್ದರು. ನಾಲ್ಕನೆಯ ಅಧ್ಯಾಯದ ಬಾಟಲಿ ಇಷ್ಟು ಕಾಲ ಎಣ್ಣೆ ಬೇರೆಯಾಗದೆ ನಿಂತಿದೆ ಎಂದು ಬರೆದಿದ್ದೀರಿ, ಅದನ್ನು ನಾನು ಕಣ್ಣಾರೆ ನೋಡಬೇಕು. ಎಣ್ಣೆ ಬೇರೆಯಾಗಿದ್ದರೆ ಆ ಅಧ್ಯಾಯವನ್ನು ಪುನಃ ಮಾಡಬೇಕು. ಪುನಃ ಮಾಡುವುದೆಂದರೆ ಇನ್ನೂ ಎರಡು ವರ್ಷ. ಅಷ್ಟರಲ್ಲಿ ನನ್ನ ಕೆಲಸ ಇನ್ನೊಬ್ಬರದ್ದಾಗಿರುತ್ತಿತ್ತು.

ಮೌಖಿಕ ಪರೀಕ್ಷೆ ನಮ್ಮ ಕಾಲೇಜಿನಲ್ಲಿಯೇ ಎಂದು ನಿಶ್ಚಯವಾಯಿತು. ಅಷ್ಟು ದೊಡ್ಡವರು ಬರುವಾಗ ಬರೀ ಪರೀಕ್ಷೆ ಮಾಡಿ ಕಳುಹಿಸುವುದು ಹೇಗೆ? ಪ್ರಾಂಶುಪಾಲರು ಅದಕ್ಕೆ ವಿಜ್ಞಾನ ಸಂಘದ ಉದ್ಘಾಟನೆಯನ್ನೂ ಜೋಡಿಸಿದರು. ಉದ್ಘಾಟನೆ ಎಂದ ಮೇಲೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು ಎಲ್ಲ ಬಂತು. ಕಾರ್ಯಕ್ರಮದ ಉಸ್ತುವಾರಿ ಮತ್ತು ನಿರೂಪಣೆ ನಮ್ಮ ಕನ್ನಡ ಉಪನ್ಯಾಸಕರದ್ದು. ಮೈಕು ಹಿಡಿದರೆ ಅವರ ಬಾಯಿಗೆ ಬರುವ ಪದಗಳಿಗೆ ಬರವಿಲ್ಲ.

ಡಿಸೆಂಬರಿನ ಬೆಳಿಗ್ಗೆ. ನಮ್ಮ ಕಡೆಗೆ ಅಪರೂಪವಾದ ಚಳಿ. ಅಂಥ ದಿನ ಎಲ್ಲರ ಮನೆಯ ತೆಂಗಿನೆಣ್ಣೆಯೂ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಬಿಸಿಲಿಗೆ ಇಡದೆ ತಲೆಗೆ ಹಚ್ಚಲು ಬರುವುದಿಲ್ಲ. ನಾನು ಕಪಾಟಿನ ಬೀಗ ತೆಗೆದು ನನ್ನ ಬಾಟಲಿಯನ್ನು ನೋಡಿದೆ. ಗಟ್ಟಿ ಮಜ್ಜಿಗೆಯಂತೆ ಬೆಳ್ಳಗೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಒಂದು ಗೆರೆ ಇಲ್ಲ. ಅದನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಸಭಾಂಗಣದ ಬದಿಯ ಮೇಜಿನಲ್ಲಿಟ್ಟು, ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದೆ: 'ತೆಂಗಿನೆಣ್ಣೆ. ಯಾರೂ ಮುಟ್ಟಬಾರದು.' ಉಳಿದ ವಿವರವೆಲ್ಲ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಆಮೇಲೆ ಪೊಳಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅಮ್ಮನನ್ನು ಕರೆತರಲು ಗೇಟಿಗೆ ಹೋದೆ. ಮಗಳು ಡಾಕ್ಟರಾಗುವುದನ್ನು ನೋಡಲು ಅಮ್ಮ ಪಟ್ಟೆಸೀರೆ ಉಟ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಕೂರಿಸಿದೆ.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಗಣ್ಯರು ದೀಪದ ಸುತ್ತ ನಿಂತರು. ಪ್ರಾಂಶುಪಾಲರು ಮೊದಲ ಬತ್ತಿಗೆ ಮೇಣದ ಬತ್ತಿ ಹಿಡಿದರು. ಚಟ್ ಚಟ್ ಎಂದು ಸದ್ದು ಬಂತು, ಒಂದು ಹನಿ ಹಾರಿ ಅವರ ಶರ್ಟಿಗೆ ಬಿತ್ತು, ಬೆಂಕಿ ಆರಿತು. ಪುನಃ ಹಿಡಿದರು. ಪುನಃ ಚಟ್ ಚಟ್.

"ಫ್ಯಾನ್ ಬಂದ್ ಮಾಡಿ" ಎಂದರು. ಬಂದ್ ಆಯಿತು. ಹತ್ತಲಿಲ್ಲ. ಕಿಟಕಿ ಮುಚ್ಚಿದರು. ಹತ್ತಲಿಲ್ಲ. ಆಡಳಿತ ಮಂಡಳಿಯ ಸಂಚಾಲಕರು, "ಬತ್ತಿ ಸರಿ ಇಲ್ಲ, ನನಗೆ ಬಿಡಿ" ಎಂದು ಮುಂದೆ ಬಂದು ಬತ್ತಿಗಳನ್ನೆಲ್ಲ ಬದಲಿಸಿದರು. ಹೊಸ ಬತ್ತಿಗಳು ಇನ್ನೂ ಜೋರಾಗಿ ಸಿಡಿದವು. ಪ್ರಾರ್ಥನೆಯ ಹುಡುಗಿಯರಿಗೆ ಕೈಸನ್ನೆಯಾಯಿತು, ಅವರು ಮೊದಲಿನಿಂದ ಇನ್ನೊಮ್ಮೆ ಹಾಡಿದರು. ಪರೀಕ್ಷಕರೂ ಕೋಟಿನ ತೋಳು ಮಡಚಿ ಪ್ರಯತ್ನಿಸಿದರು. ಮೇಣ ಕರಗಿ ಅವರ ಬೆರಳಿಗೆ ಬಿತ್ತು. ನಿರೂಪಕರು ಮೈಕಿನಲ್ಲಿ ಸಭೆಯನ್ನು ಸಂತೈಸುತ್ತಿದ್ದರು:

"ಜ್ಞಾನದ ದೀಪ ಹೊತ್ತುವುದು ಅಷ್ಟು ಸುಲಭವಲ್ಲ ಎಂಬುದನ್ನು ನಮ್ಮ ಗಣ್ಯರು ಸಾಂಕೇತಿಕವಾಗಿ ತೋರಿಸಿಕೊಡುತ್ತಿದ್ದಾರೆ."

ಅಮ್ಮನ ಮುಖ ಸಣ್ಣದಾಗಿತ್ತು. "ಒಳ್ಳೆಯ ಕೆಲಸಕ್ಕೆ ಹೊರಟಾಗ ದೀಪ ಹತ್ತದೆ ಇರುವುದೆಂದರೆ ಎಂತ ಮಾರಾಯ್ತಿ?" ಎಂದು ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದರು. ಅವರಿಗೆ ಸಮಾಧಾನ ಹೇಳುತ್ತಾ ನಾನು ಬದಿಯ ಮೇಜಿನತ್ತ ನೋಡಿದೆ. ನನ್ನ ಬಾಟಲಿ ಅಡ್ಡ ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಪಕ್ಕದಲ್ಲಿ ಒಂದು ಚಮಚ.

ನನ್ನ ಕಾಲು ತಾನಾಗಿ ವೇದಿಕೆಗೆ ಓಡಿತು. ನಿರೂಪಕರ ಕೈ ಹಿಡಿದು, "ಸರ್, ದೀಪಕ್ಕೆ ಎಣ್ಣೆ ಎಲ್ಲಿಂದ ಹಾಕಿದಿರಿ?" ಎಂದು ಕೇಳಿದೆ.

"ಆ ಮೇಜಿನಿಂದ. ನಾವು ಎಣ್ಣೆ ತರಲು ಮರೆತಿದ್ದೆವು. ನೋಡಿದರೆ ನೀವು ತೆಗೆದಿಟ್ಟಿದ್ದೀರಿ. ಚಳಿಗೆ ಹೆಪ್ಪುಗಟ್ಟಿತ್ತು, ಚಮಚದಲ್ಲಿ ತೆಗೆದು ಹಾಕಿದೆ, ಬಿಸಿಗೆ ಕರಗುತ್ತದಲ್ಲ."

"ಮುಟ್ಟಬಾರದು ಅಂತ ಬರೆದಿದ್ದೆನಲ್ಲ ಸರ್!"

"ಅದಕ್ಕೇ ಮೇಡಂ, ದೀಪಕ್ಕೆಂದೇ ಶುದ್ಧದಲ್ಲಿ ಇಟ್ಟದ್ದು ಎಂದು ಗೊತ್ತಾಯಿತು. ನಾನು ಕೈಕಾಲು ತೊಳೆದೇ ತೆಗೆದದ್ದು."

ಇದೆಲ್ಲ ಮೈಕಿನಲ್ಲಿ ಹೋಗುತ್ತಿದೆ ಎಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಪರೀಕ್ಷಕರು ಮೇಣವನ್ನು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

"ಯಾವ ಎಣ್ಣೆಯಮ್ಮ ಇದು?"

ನನಗೆ ಅಳು ಬಂದಿತ್ತು. "ಎಣ್ಣೆಯಲ್ಲ ಸರ್. ಅದು ನನ್ನ ನಾಲ್ಕನೆಯ ಅಧ್ಯಾಯ" ಎಂದೆ.

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ದೀಪದ ಮೇಲೆ ಬಗ್ಗಿದರು. ಬೆರಳಲ್ಲಿ ಅದ್ದಿ ತಿಕ್ಕಿ ನೋಡಿದರು, ಮೂಸಿದರು. ವೇದಿಕೆಯ ನೀರಿನ ಲೋಟಕ್ಕೆ ಒಂದು ಚಮಚ ಹಾಕಿ ಬೆಳಕಿಗೆ ಹಿಡಿದರು. ಹಾಲಿನಂತೆ ಹರಡಿತು. ಮೇಲೆ ಎಣ್ಣೆಯ ಒಂದು ಹನಿ ತೇಲಲಿಲ್ಲ. ಆ ಲೋಟ ಹಿಡಿದುಕೊಂಡೇ ಮೈಕಿನ ಹತ್ತಿರ ಬಂದರು.

"ಇದರಲ್ಲಿ ಒಂದು ಚೂರು ಎಣ್ಣೆ ಬೇರೆಯಾಗಿ ಮೇಲೆ ಬಂದಿದ್ದರೂ ನಮ್ಮಲ್ಲಿ ಯಾರಾದರೊಬ್ಬರ ಕೈಯಲ್ಲಿ ದೀಪ ಹತ್ತುತ್ತಿತ್ತು. ಬತ್ತಿಗೆ ನೀರನ್ನು ಬಿಟ್ಟ ಎಣ್ಣೆ ಸಿಕ್ಕಲೇ ಇಲ್ಲ. ಬಾಟಲಿಯನ್ನು ಬರೀ ಕಣ್ಣಲ್ಲಿ ನೋಡಿದ್ದರೆ ನನಗೆ ಸಂಶಯ ಉಳಿಯುತ್ತಿತ್ತು. ಈಗ ಏನೂ ಇಲ್ಲ."

ಪ್ರಾಂಶುಪಾಲರಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. "ಹಾಗಾದರೆ ಸರ್, ದೀಪ ಹತ್ತದೆ ಇದ್ದದ್ದು ಒಳ್ಳೆಯದಾ?" ಎಂದು ಕೇಳಿದರು.

"ಬಹಳ ಒಳ್ಳೆಯದು. ಹತ್ತಿದ್ದರೆ ಇವರು ಫೇಲು."

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಅವರು ಅಲ್ಲಿಯೇ, ದೀಪದ ಪಕ್ಕದಲ್ಲಿ ನಿಂತು ವರದಿಗೆ ಸಹಿ ಹಾಕಿದರು. ನಾನು ವೇದಿಕೆಯಲ್ಲಿಯೇ ಗೊಳೋ ಎಂದು ಅತ್ತೆ. ನಾಚಿಕೆಯೆಲ್ಲ ಆಮೇಲೆ ಬಂದದ್ದು.

ಆದರೆ ಕಾರ್ಯಕ್ರಮ ಮುಂದುವರಿಯಬೇಕಲ್ಲ. ದೀಪವನ್ನು ತೊಳೆದು ಒರೆಸಿದರು. ಹಾಸ್ಟೆಲಿನ ಅಡುಗೆಮನೆಯಿಂದ ನಿಜವಾದ ತೆಂಗಿನೆಣ್ಣೆ ಬಂತು. ಪ್ರಾಂಶುಪಾಲರು ಹೆದರುತ್ತಾ ಬತ್ತಿ ಮುಟ್ಟಿಸಿದರು. ಒಂದೇ ಸಲಕ್ಕೆ ದೀಪ ಧಗ್ ಎಂದು ಹತ್ತಿಕೊಂಡಿತು.

ಮುಂದಿನ ಸಾಲಿನಿಂದ ನನ್ನ ಅಮ್ಮ ಎದೆಗೆ ಕೈ ಇಟ್ಟುಕೊಂಡು ಎದ್ದು ನಿಂತರು.

"ಅಯ್ಯಯ್ಯೋ, ಹತ್ತಿತಲ್ಲ! ಯಾರಾದರೂ ಬೇಗ ಆರಿಸಿ ಮಾರಾಯ್ರೆ, ಸರ್ ನೋಡುವ ಮೊದಲು!"